ಒಣ ಜಾಲಿಯ ತುರಾಯಿ ಹಕ್ಕಿ

ನಮ್ಮೂರ ಹೊಳೆದಂಡೆಯ ಉದ್ಯಾನಕ್ಕೆ ಬೆಳಿಗ್ಗೆ ಬರುವವರಲ್ಲಿ ಮುಕ್ಕಾಲು ಜನ ಹೊಳೆಯ ಕಡೆ ತಿರುಗಿಯೂ ನೋಡುವುದಿಲ್ಲ. ಜಮಖಂಡಿ ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಕೈ ಬೀಸಿಕೊಂಡು ಸುತ್ತು ಹಾಕುತ್ತಾರೆ. ಸುತ್ತು ಹಾಕುತ್ತಲೇ ತಮ್ಮ ಸಕ್ಕರೆ ಕಾಯಿಲೆಯನ್ನೂ ಬೇರೆಯವರ ಮನೆಯ ಸೊಸೆಯರನ್ನೂ ಒಂದೇ ಉಸಿರಿನಲ್ಲಿ ಮಾತಾಡಿ ಮುಗಿಸುತ್ತಾರೆ. ಉದ್ಯಾನದ ನಡುವೆ ಸಿಮೆಂಟಿನ ಹಂಸಗಳನ್ನು ಮಾಡಿ ನಿಲ್ಲಿಸಿದ್ದಾರೆ. ಒಂದರ ಕೊಕ್ಕು ಮುರಿದು ಒಳಗಿನ ಕಬ್ಬಿಣದ ಸಳಿ ಕಾಣುತ್ತದೆ. ಬಂದವರು ಆ ಹಂಸಗಳ ಕುತ್ತಿಗೆಗೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಬೆನ್ನ ಹಿಂದೆಯೇ, ಕೃಷ್ಣೆಯ ನೀರು ಇಳಿದ ಕೆಸರಿನಲ್ಲಿ, ಜೀವಂತ ಬೆಳ್ಳಕ್ಕಿಗಳು ನಿಂತಿರುತ್ತವೆ. ಅವುಗಳ ಫೋಟೊ ಯಾರಿಗೂ ಬೇಡ.

ನನಗೆ ಅವರ ಮೇಲೆ ಸಿಟ್ಟಿದೆ, ಮುಚ್ಚಿಡುವುದೇನಿಲ್ಲ. ಆದರೆ ಅವರು ಹೊರಗಿನವರು. ಹೊರಗಿನವರ ಮೇಲಿನ ಸಿಟ್ಟು ಮನೆಗೆ ಬಂದು ಒಂದು ಕಪ್ಪು ಚಹಾ ಕುಡಿದರೆ ಇಳಿಯುತ್ತದೆ. ಇಳಿಯದ ಸಿಟ್ಟು ಬೇರೆ ಇದೆ, ಅದು ನಮ್ಮ ಮನೆಯೊಳಗಿನದು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಬನಹಟ್ಟಿಯ ನೇಕಾರರು. ನಮ್ಮ ಮನೆಯ ಅರ್ಧ ಭಾಗ ಮಗ್ಗಗಳದು, ಉಳಿದ ಅರ್ಧದಲ್ಲಿ ನಾವು ಇರುತ್ತೇವೆ. ನನ್ನ ಗಂಡ ಮೀಸೆ ಮೂಡುವ ಮೊದಲೇ ಪಾವರ್‌ಲೂಮಿನ ಮುಂದೆ ನಿಂತವರು. ನಾನು ಮದುವೆಯಾಗಿ ಬಂದು ಅದೇ ಕೋಣೆಯ ಮೂಲೆಯಲ್ಲಿ ಕಂಡಿಕೆ ಸುತ್ತಲು ಕೂತೆ. ಕಂಡಿಕೆ ಎಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಉರುಳೆ. ಮಗ್ಗಗಳು ಒಟ್ಟಿಗೇ ಓಡತೊಡಗಿದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಹೊರಗಿನಿಂದ ಬಂದ ಬೀಗರು ಹಣೆ ಹಿಡಿದುಕೊಂಡು ಬೇಗ ಎದ್ದುಹೋಗುತ್ತಾರೆ. ನಮಗೆ ಎದ್ದುಹೋಗಲು ಬೇರೆ ಜಾಗ ಇರಲಿಲ್ಲ. ವರ್ಷಗಳು ಕಳೆದಂತೆ ನನ್ನ ಗಂಡನ ಕಿವಿ ಸ್ವಲ್ಪ ಸ್ವಲ್ಪವೇ ಹೋಯಿತು. ಯಾವ ದಿನ ಪೂರ್ತಿ ಹೋಯಿತು ಎಂದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ. ಅದರಲ್ಲಿ ತಪ್ಪೇನಿದೆ? ಆದರೆ ಮನೆಯಲ್ಲಿ ಎಲ್ಲರಿಗೂ ಅದು ಒಂದು ಕಿರಿಕಿರಿಯಾಯಿತು. ಅವರು ನೀರು ಕೇಳಿದರೆ ಸೊಸೆ ಬೆಚ್ಚಿಬೀಳುತ್ತಿದ್ದಳು. ಬೀಗರ ಮುಂದೆ ಬಾಯಿ ತೆರೆದರೆ ಮಗ ತೊಡೆ ಒತ್ತುತ್ತಿದ್ದ.

"ಯಪ್ಪಾ, ಮೆಲ್ಲಕ ಮಾತಾಡೋ, ಮಂದಿ ನೋಡಾಕತ್ತಾರ" ಎಂದು ತುಟಿ ಬಿಡಿಸಿ ಬಿಡಿಸಿ ಹೇಳುತ್ತಿದ್ದ.

ತುಟಿ ಓದುವುದು ಅವರಿಗೆ ಚೆನ್ನಾಗಿ ಬರುತ್ತದೆ. ಓದಿ ಓದಿ, ಕೊನೆಗೆ ಮಾತಾಡುವುದನ್ನೇ ಬಿಟ್ಟರು. ಉಂಡಾದ ಮೇಲೆ ತಾಟು ಸರಿಸುವುದು, ಚಹಾ ಬೇಕಾದರೆ ಕಪ್ಪು ಎತ್ತಿ ತೋರಿಸುವುದು, ಅಷ್ಟೇ. ಒಂದೇ ಮನೆಯಲ್ಲಿದ್ದ ಅಪ್ಪ ಮಗನ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಜಗಳವಾಡಿ ನಿಂತದ್ದಲ್ಲ, ಸುಮ್ಮನೆ ನಿಂತದ್ದು. ಜಗಳವಾಗಿದ್ದರೆ ಯಾರಾದರೂ ಹಿರಿಯರು ಬಂದು ರಾಜಿ ಮಾಡಿಸುತ್ತಿದ್ದರು.

ಮಗ್ಗದ ಕೆಲಸ ಮಗನ ಕೈಗೆ ಹೋದ ಮೇಲೆ, ನನ್ನ ಗಂಡನಿಗೂ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಲು ಹೇಳಿದರು. ಹಾಗೆ ನಾವಿಬ್ಬರೂ ಹೊಳೆದಂಡೆಗೆ ಹೋಗತೊಡಗಿದೆವು. ಮೊದಮೊದಲು ನಾವೂ ಎಲ್ಲರ ಹಾಗೆ ನೆಲ ನೋಡಿಕೊಂಡೇ ಸುತ್ತು ಹಾಕುತ್ತಿದ್ದೆವು. ಒಂದು ದಿನ ಅವರು ಗಕ್ಕನೆ ನಿಂತರು. ನೀರಿನ ಮೇಲೆ ಬಾಗಿದ ಟೊಂಗೆಯ ಕಡೆ ಬೆರಳು ಮಾಡಿ, ಇಡೀ ಉದ್ಯಾನಕ್ಕೆ ಕೇಳುವ ಹಾಗೆ ಕೂಗಿದರು.

"ಒಡಲು ಮೋರಪಂಖಿ! ದಡಿ ಇಟ್ಟಂಗಿ ಬಣ್ಣ!"

ಟೊಂಗೆಯ ಮೇಲೆ ಮಿಂಚುಳ್ಳಿ ಕೂತಿತ್ತು. ನವಿಲುಗರಿಯ ನೀಲಿಗೆ ನಾವು ನೇಕಾರರು ಮೋರಪಂಖಿ ಎನ್ನುತ್ತೇವೆ, ಸೀರೆಯ ಮೈಗೆ ಒಡಲು, ಅಂಚಿಗೆ ದಡಿ ಎನ್ನುತ್ತೇವೆ. ಅವರು ಹಕ್ಕಿಯನ್ನು ಸೀರೆ ಬಿಚ್ಚಿ ನೋಡುವ ಹಾಗೆ ನೋಡಿದ್ದರು. ನಡೆಯುತ್ತಿದ್ದ ಜನ ತಿರುಗಿ ನೋಡಿ ನಕ್ಕರು. ನಗಲಿ ಬಿಡಿ. ಅವರ ಬಾಯಿಂದ ಅಷ್ಟು ಉದ್ದದ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ನಮಗೆ ಅದೇ ಹುಚ್ಚಾಯಿತು. ನಮ್ಮ ಹತ್ತಿರ ದುರ್ಬೀನು ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಇದ್ದದ್ದು ಮಗ್ಗದ ಮನೆಯ ಕೈಸನ್ನೆ. ಆ ಗದ್ದಲದಲ್ಲಿ ಕೆಲಸ ಮಾಡುವವರಿಗೆಲ್ಲ ಅದು ಬರುತ್ತದೆ. ಎಳೆ ಹರಿಯಿತು ಎನ್ನಲು ಒಂದು ಸನ್ನೆ, ಕಂಡಿಕೆ ಮುಗಿಯಿತು ಎನ್ನಲು ಇನ್ನೊಂದು, ಯಜಮಾನ ಬಂದ ಎನ್ನಲು ಮತ್ತೊಂದು, ಅದನ್ನು ಇಲ್ಲಿ ವಿವರಿಸುವ ಹಾಗಿಲ್ಲ. ಅದೇ ಕೈಗಳಿಂದ ನಾವು ಹಕ್ಕಿಗಳಿಗೆ ಹೆಸರಿಟ್ಟೆವು. ಬಾಲ ಕುಣಿಸುವ ಸಿಪಿಲೆಗೆ ತೋರುಬೆರಳು ಮೇಲೆ ಕೆಳಗೆ. ಕಾಜಾಣಕ್ಕೆ ಕತ್ತರಿಯ ಹಾಗೆ ಎರಡು ಬೆರಳು. ಬೆಳ್ಳಕ್ಕಿಗೆ ಮೊಣಕೈ ಎತ್ತಿ ಮುಂಗೈ ಬಾಗಿಸುವುದು. ನಾನು ಕೇಳಿದ್ದನ್ನು ಅವರಿಗೆ ಕೈಯಿಂದ ಹೇಳುತ್ತಿದ್ದೆ, ಅವರು ನೋಡಿದ್ದನ್ನು ನನಗೆ ಬಾಯಿಂದ ಹೇಳುತ್ತಿದ್ದರು. ಅಲ್ಲಿ ಮೆಲ್ಲಗೆ ಮಾತಾಡು ಎನ್ನುವವರು ಯಾರೂ ಇರಲಿಲ್ಲ.

ಮುಧೋಳದ ಮಾಸ್ತರರೊಬ್ಬರು ಒಮ್ಮೆ ಕುತ್ತಿಗೆಗೆ ದೊಡ್ಡ ಕ್ಯಾಮೆರಾ ಹಾಕಿಕೊಂಡು ಬಂದಿದ್ದರು. ಇಲ್ಲಿ ಏನಿದೆಯಮ್ಮ, ಹಕ್ಕಿ ನೋಡಬೇಕಾದರೆ ಬೀಳಗಿಯ ಹಿನ್ನೀರಿಗೆ ಹೋಗಿ ಎಂದರು. ಬೀಳಗಿಯ ಹಿನ್ನೀರು ನನಗೆ ಹೇಳಿಕೊಡಬೇಕಾಗಿಲ್ಲ. ನನ್ನ ತವರೂರು ಅದೇ ನೀರಿನ ಕೆಳಗಿದೆ. ನನ್ನವ್ವ ರೊಟ್ಟಿ ಬಡಿಯುತ್ತಿದ್ದ ಜಾಗದ ಮೇಲೆ ಈಗ ದೂರದೇಶದ ಬಾತುಗಳು ಈಜುತ್ತವೆಯಂತೆ. ಈಜಲಿ, ಅವುಗಳ ತಪ್ಪೇನಿಲ್ಲ, ಆದರೆ ನಾನು ದುಡ್ಡು ಕೊಟ್ಟು ಬಸ್ಸು ಹತ್ತಿ ನೋಡಲು ಹೋಗುವುದಿಲ್ಲ. ಅಷ್ಟನ್ನೂ ಅವರ ಮುಂದೆ ಹೇಳಲಿಲ್ಲ. ಹುಲ್ಲಿನ ಮೇಲೆ ಓಡಾಡುತ್ತಿದ್ದ ಒಂದು ಹಕ್ಕಿಯ ಹೆಸರು ಮಾತ್ರ ಕೇಳಿದೆ. ಚಂದ್ರಮುಕುಟ ಎಂದರು.

ನಾವು ಅಷ್ಟರಲ್ಲಾಗಲೇ ಅದಕ್ಕೆ ತುರಾಯಿ ಹಕ್ಕಿ ಎಂದು ಹೆಸರಿಟ್ಟುಬಿಟ್ಟಿದ್ದೆವು. ಮದುಮಗನ ರುಮಾಲಿಗೆ ಸಿಕ್ಕಿಸುವ ತುರಾಯಿಯೇ ಅದರ ತಲೆಯ ಮೇಲಿದೆ. ಮೈ ಗೋಧಿ ಬಣ್ಣ, ರೆಕ್ಕೆಯ ಮೇಲೆ ಕಪ್ಪು ಬಿಳಿ ಪಟ್ಟೆ. ಉದ್ದ ಕೊಕ್ಕಿನಿಂದ ನೆಲ ಚುಚ್ಚಿ ಹುಳ ತೆಗೆಯುತ್ತದೆ. ಏನಾದರೂ ಸಪ್ಪಳವಾದರೆ ತುರಾಯಿ ಬಿಚ್ಚುತ್ತದೆ, ಸಮಾಧಾನವಾದರೆ ಮಡಚುತ್ತದೆ. ನನ್ನ ಗಂಡ ಅದಕ್ಕೆ ಮಾಡುತ್ತಿದ್ದ ಸನ್ನೆ ಎಲ್ಲಕ್ಕಿಂತ ಚಂದ. ಅಂಗೈಯನ್ನು ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿ ಐದೂ ಬೆರಳು ಬಿಚ್ಚುವುದು, ಮಡಚುವುದು. ಬಿಚ್ಚುವಾಗ ಹುಬ್ಬು ಕೂಡ ಮೇಲೇರುತ್ತಿತ್ತು. ಮಕ್ಕಳನ್ನು ಆಡಿಸುವಾಗಲೂ ಆ ಮನುಷ್ಯ ಹಾಗೆ ಮುಖ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷ ಚಳಿ ಕಡಿಮೆಯಾಗಿ ಬೇವು ಚಿಗುರುವ ಹೊತ್ತಿಗೆ, ಹೊಳೆಯ ಪಾವಟಿಗೆಗಳ ಪಕ್ಕದ ಒಣಗಿದ ಜಾಲಿಮರದ ಪೊಟರೆಯಲ್ಲಿ ತುರಾಯಿ ಹಕ್ಕಿಗಳ ಜೋಡಿಯೊಂದು ಗೂಡು ಮಾಡಿತು. ಹೆಣ್ಣು ಒಳಗೆ ಹೊಕ್ಕಿದ್ದು ಹೊರಗೆ ಬರುವುದೇ ಇಲ್ಲ. ಗಂಡು ಹುಲ್ಲಿನಿಂದ ಹುಳ ಹೆಕ್ಕಿ ತಂದು, ಪೊಟರೆಯ ಬಾಯಿಗೆ ಜೋತುಬಿದ್ದು ಉಣಿಸಿ ಹೋಗುತ್ತದೆ. ನಾವು ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆವು. ನಡೆಯುವುದು ನಿಂತೇಹೋಯಿತು. ಸಕ್ಕರೆ ಏರಿರಬೇಕು, ನಾವು ತೋರಿಸಲು ಹೋಗಲಿಲ್ಲ.

ತುರಾಯಿ ಹಕ್ಕಿಯ ಗೂಡು ನಾರುತ್ತದೆ. ಸುಳ್ಳು ಹೇಳುವುದಿಲ್ಲ, ಸತ್ತ ಇಲಿಯ ವಾಸನೆ. ನಡೆಯುವವರ ಗುಂಪಿನ ನಿವೃತ್ತ ಸಾಹೇಬರೊಬ್ಬರು ಆ ಮರದ ಹತ್ತಿರ ಬಂದಾಗಲೆಲ್ಲ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, ಇದನ್ನು ಮೊದಲು ಕಡಿಸಬೇಕು ಎನ್ನುತ್ತಿದ್ದರು. ಸಿಮೆಂಟಿನ ಹಂಸ ನಾರುವುದಿಲ್ಲ ನೋಡಿ, ಅದಕ್ಕೇ ಎಲ್ಲರಿಗೂ ಪ್ರೀತಿ. ನನ್ನ ಗಂಡ ಮಾತ್ರ ಆ ವಾಸನೆ ಬಂದಷ್ಟೂ ಖುಷಿಪಡುತ್ತಿದ್ದರು. ಒಳಗೆ ಮರಿಗಳಾಗಿವೆ ಎಂದು ಅವರ ಲೆಕ್ಕ. ಲೆಕ್ಕ ಸರಿಯಾಗಿತ್ತು. ಒಂದು ಬೆಳಿಗ್ಗೆ ಪೊಟರೆಯ ಅಂಚಿನಲ್ಲಿ ಸಣ್ಣ ಬಾಯಿಗಳು ತೆರೆದವು.

"ಒಡಲು ಕೆಂಪು, ದಡಿ ಬಿಳಿ" ಎಂದು ಕೂಗಿ, ನನ್ನ ಕೈ ಹಿಡಿದುಕೊಂಡರು. ಮದುವೆಯಾದಾಗಿನಿಂದ ನಾಲ್ಕು ಜನರ ಎದುರು ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಆಮೇಲೆ ಹೇಳಿದರು, "ಅವು ಹಾರೂದು ನೋಡಬೇಕು. ನೋಡೇ ಹೋಗಬೇಕು."

ಎಲ್ಲಿಗೆ ಹೋಗುವುದು ಎಂದು ನಾನು ಕೇಳಲಿಲ್ಲ. ಆ ವಯಸ್ಸಿನಲ್ಲಿ ಅದು ಕೇಳುವ ಪ್ರಶ್ನೆಯಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ಮಗ್ಗಗಳು ನಿಂತು ಮನೆ ಸುಮ್ಮನಾಗಿತ್ತು. ಮಗ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ. ನನ್ನ ಗಂಡ ತಾವಾಗಿಯೇ ಹೋಗಿ ಅವನ ಎದುರಿಗೆ ಕೂತರು. ಒಲೆಯ ಮುಂದಿದ್ದ ನಾನೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಹೊಳಿ ಪಾವಟಿಗಿ ಹತ್ರ ಒಂದು ಒಣಗಿದ ಜಾಲಿ ಗಿಡ ಐತಿ ನೋಡು" ಎಂದು ಶುರುಮಾಡಿದರು. "ಪೊಟರ್ಯಾಗ ತುರಾಯಿ ಹಕ್ಕಿ ಗೂಡು ಮಾಡೈತಿ. ಗಂಡು ಹುಳಾ ತಂದು ತಂದು ತಿನಸ್ತೈತಿ. ಮರಿ ಆಗ್ಯಾವ."

ಮಗ ಮೆಲ್ಲಗೆ ಮಾತಾಡು ಎನ್ನಲಿಲ್ಲ. ಮೊಬೈಲು ಕೆಳಗಿಟ್ಟು ಅಪ್ಪನ ಮುಖ ನೋಡಿದ. ತುಟಿ ಬಿಡಿಸಿ ಕೇಳಿದ, "ಪೂರಾ ಒಣಗೇತೇನು?"

"ಪೂರಾ ಒಣಗೇತಿ. ಒಂದು ಹಸರ ಎಲಿ ಇಲ್ಲ."

"ಎಷ್ಟು ದಪ್ಪ ಐತಿ?" ಎಂದು ಮಗ ತೋಳು ಚಾಚಿ ಸನ್ನೆ ಮಾಡಿದ.

ನನ್ನ ಗಂಡ ಎರಡೂ ತೋಳುಗಳಿಂದ ಗಾಳಿಯನ್ನು ತಬ್ಬಿ ಮರದ ದಪ್ಪ ತೋರಿಸಿದರು. ಅವರ ಮುಖದಲ್ಲಿ ಅಂಥ ಬೆಳಕು. ಹಕ್ಕಿಯ ಗುರುತಿಗೆಂದು ನೆತ್ತಿಯ ಮೇಲೆ ಕೈಯಿಟ್ಟು ತುರಾಯಿ ಬಿಚ್ಚಿ ಮಡಚಿ ತೋರಿಸಿದರು. "ನೀನೂ ಒಂದಿನಾ ಬಾರೋ, ತೋರಸ್ತೇನಿ" ಎಂದರು.

"ಬರ್ತೀನಿ ಯಪ್ಪಾ, ಬಂದೇ ಬರ್ತೀನಿ" ಎಂದು ಮಗ ಅವರ ತೊಡೆ ತಟ್ಟಿದ.

ಅಪ್ಪ ಮಗ ಮಾತಾಡಿದರಲ್ಲ ಎಂದು ನನಗೆ ಹಬ್ಬದಷ್ಟು ಖುಷಿ. ಅಂದು ಇಬ್ಬರ ತಾಟಿಗೂ ಕೇಳದೆಯೇ ತುಪ್ಪ ಬಡಿಸಿದೆ. ಹೋಳಿ ಹುಣ್ಣಿಮೆ ಹತ್ತಿರವಾಗಿತ್ತು, ಓಣಿಯಲ್ಲಿ ಆಗಲೇ ಹಲಗೆ ಬಡಿಯತೊಡಗಿದ್ದರು. ನಾನು ಅದನ್ನೂ ಇದನ್ನೂ ಸೇರಿಸಿ ನೋಡಲಿಲ್ಲ.

ನಮ್ಮ ಕಡೆಯ ಹೋಳಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಓಣಿಗೊಂದು ಕಾಮ. ಆ ಕಾಮನನ್ನು ಸುಡುವ ಕಟ್ಟಿಗೆಯನ್ನು ಕದ್ದೇ ತರಬೇಕು, ಕೊಂಡು ತಂದರೆ ಅವಮಾನ. ಮುರಿದ ಬಾಗಿಲು, ಬಂಡಿಯ ನೊಗ, ಕುಳ್ಳು ಬೆರಣಿಯ ಒಟ್ಟಿಲು, ಕಣ್ಣಿಗೆ ಬಿದ್ದದ್ದು ಎಲ್ಲವೂ ಹೋಗುತ್ತದೆ. ಕಳಕೊಂಡವರು ಬಾಯಿತುಂಬ ಬೈಯಬಹುದು, ವಾಪಸ್ ಕೇಳುವ ಹಾಗಿಲ್ಲ. ಒಮ್ಮೆ ಕಾಮನ ಮುಂದೆ ಒಟ್ಟಿದರೆ ಅದು ಕಾಮನದೇ. ಯಾವ ಓಣಿಯ ಕಾಮ ಎತ್ತರ ಉರಿಯಿತು ಎಂಬ ಮಾತು ಮುಂದಿನ ಹೋಳಿಯವರೆಗೂ ನಡೆಯುತ್ತದೆ. ಹಿರಿಯರು ತಾವು ಹೋಗುವುದಿಲ್ಲ. ಎಲ್ಲಿ ಒಣ ಕಟ್ಟಿಗೆ ಇದೆ ಎಂದು ಹುಡುಗರಿಗೆ ಗುಟ್ಟಾಗಿ ಸುಳಿವು ಕೊಡುತ್ತಾರೆ. ಅದು ಅವರ ಪಾಲಿನ ಸೇವೆ. ನನ್ನ ಗಂಡ ಪ್ರಾಯದಲ್ಲಿ ಈ ಕಳ್ಳತನದಲ್ಲಿ ಹೆಸರಾಂತವರು. ಸ್ವಂತ ಮಾವನ ಮನೆಯ, ಎಂದರೆ ನನ್ನ ತವರಿನ, ದನದ ಕೊಟ್ಟಿಗೆಯ ಕಂಬವನ್ನೇ ಬಂಡಿಯ ಮೇಲೆ ಹೇರಿಕೊಂಡು ಬಂದಿದ್ದರು. ಆ ಕತೆ ಹೇಳದೆ ನಮ್ಮ ಓಣಿಯಲ್ಲಿ ಯಾವ ಹೋಳಿಯೂ ಮುಗಿಯುತ್ತಿರಲಿಲ್ಲ.

ಈಗ ಓಣಿಯ ಕಾಮನ ಯಜಮಾನಿಕೆ ನಮ್ಮ ಮಗನದು.

ಕಾಮ ಸುಡುವ ದಿನ ಬೆಳಗಿನ ಜಾವ, ಓಣಿಯ ಎಲ್ಲರ ಹಾಗೆ ನಾವೂ ಆರತಿ ತಟ್ಟೆ ಹಿಡಿದು ಹೋದೆವು. ಹಲಗೆಯ ಬಡಿತಕ್ಕೆ ನೆಲ ನಡುಗುತ್ತಿತ್ತು. ನನ್ನ ಗಂಡನಿಗೆ ಅದು ಪಾದಗಳಿಂದ ಗೊತ್ತಾಗುತ್ತದೆ, ಅವರು ತಾಳಕ್ಕೆ ತಲೆ ತೂಗುತ್ತ ಬಂದರು. ಮಬ್ಬು ಬೆಳಕಿನಲ್ಲಿ ಒಟ್ಟಿಲು ಒಂದು ಮಾಳಿಗೆಯಷ್ಟು ಎತ್ತರ ಕಾಣಿಸಿತು. ನಡುವೆ ಒಂದು ದಪ್ಪ ಬೊಡ್ಡೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ನಾನು ಮೊದಲು ನೋಡಿದ್ದು ಬೊಡ್ಡೆಯನ್ನಲ್ಲ, ಪೊಟರೆಯನ್ನು. ಆ ಪೊಟರೆಯ ಬಾಯಿ ನನಗೆ ನನ್ನ ಮನೆಯ ಬಾಗಿಲಿನಷ್ಟು ಪರಿಚಯ.

ಗಂಡನ ಮುಖ ನೋಡಲು ಧೈರ್ಯ ಬರಲಿಲ್ಲ. ಜನರನ್ನು ತಳ್ಳಿಕೊಂಡು ಹೋಗಿ ಮಗನ ಅಂಗಿ ಹಿಡಿದೆ.

"ಲೇ, ಆ ಬೊಡ್ಡಿ ಹೊರಗ ತಗಿ."

"ಯಾಕ ಬೇ?"

"ಅದರಾಗ ಹಕ್ಕಿ ಗೂಡೈತಿ. ಮರಿ ಅದಾವಲೋ ಅದರಾಗ!"

"ಈಗೇನಿಲ್ಲ ಬಿಡಬೇ. ದೊಡ್ಡದು ಹಾರಿ ಹೋತು. ರಾತ್ರಿ ಗಿಡ ಬೀಳೂಮುಂದ ಸಣ್ಣವು ಹೊರಗ ಬಿದ್ದೂ, ನಾಯಿ ಒಯ್ತು." ಹರಿದ ಚಪ್ಪಲಿಯ ಸುದ್ದಿ ಹೇಳುವ ಹಾಗೆ ಹೇಳಿದ.

"ನಿನಗ ಗೊತ್ತಿತ್ತಲ್ಲೋ! ನಿಮ್ಮಪ್ಪ ನಿನ್ನ ಮುಂದ ಕುಂತು ಹೇಳಿದ್ರಲ್ಲೋ!"

ಮಗ ನನ್ನನ್ನೇ ನೋಡಿದ. ಅವನ ಕಣ್ಣಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೌದಬೇ, ಅಪ್ಪನ ಹೇಳಿದ್ದು. ಒಣಗೇತಿ ಅಂದ, ದಪ್ಪಾನೂ ತೋರಿಸಿದ. ಹಕ್ಕಿ ಅಂದಿದ್ದು ಗಿಡದ ಗುರುತಿಗೆ ಅನಕೊಂಡ್ನಿ. ಇಷ್ಟು ವರ್ಷಕ್ಕ ಅಪ್ಪ ನನ್ನ ಜೋಡಿ ಮಾತಾಡಿದ, ಅದೂ ಕಾಮನ ಸಲುವಾಗಿ. ಖರೆ ಹೇಳ್ತೀನಿ, ನನಗ ಎಷ್ಟು ಛಲೋ ಅನಿಸ್ತು ಗೊತ್ತೈತೇನ್?"

ಆದರೂ ಒಟ್ಟಿಲಿಗೆ ಕೈ ಹಾಕಲು ಹೋದೆ. ಓಣಿಯ ಹೆಂಗಸರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಕಾಮನ ಕಟ್ಟಿಗೆ ಮುಟ್ಟಿದರೆ ಮನೆಗೆ ಒಳ್ಳೆಯದಲ್ಲ ಎಂದರು. ಎಲ್ಲರೂ ನನ್ನ ಹಾಗೇ ಕಂಡಿಕೆ ಸುತ್ತಿದ ಹೆಂಗಸರು, ಗಟ್ಟಿ ಕೈಗಳು.

ಅಷ್ಟರಲ್ಲಿ ಮಗ ಕಟ್ಟೆ ಹತ್ತಿ ನಿಂತು ಕೂಗಿದ, "ಈ ನಡುವಿನ ಬೊಡ್ಡಿ ಕೊಟ್ಟಾಂವ ನಮ್ಮಪ್ಪ! ಈ ಸಲದ ಬೆಂಕಿ ನಮ್ಮಪ್ಪನ ಕೈಲೆ!"

ಓಣಿಗೆ ಓಣಿಯೇ ಕೇಕೆ ಹಾಕಿತು. ಹಳೆಯ ಕಳ್ಳ ಎದ್ದನೆಂದು ಯಾರೋ ಸಿಳ್ಳೆ ಹೊಡೆದರು. ನನ್ನ ಗಂಡನನ್ನು ಹೆಗಲು ಹಿಡಿದು ಮುಂದಕ್ಕೆ ತಂದರು. ಅವರಿಗೆ ಕೇಕೆ ಕೇಳಿಸಲಿಲ್ಲ. ಅವರ ಕಣ್ಣು ಪೊಟರೆಯ ಮೇಲಿತ್ತು. ಮಗ ಉರಿಯುವ ಕೊಳ್ಳಿಯನ್ನು ಅವರ ಬಲಗೈಗೆ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡ. ಚಿಕ್ಕಂದಿನಲ್ಲಿ ಅವರು ಅವನ ಕೈ ಹಿಡಿದು ಲಾಳಿ ಹಾಕುವುದನ್ನು ಕಲಿಸಿದ್ದು ನನಗೆ ನೆನಪಾಯಿತು.

ನನ್ನ ಗಂಡ ಮಗನ ಕಡೆ ತಿರುಗಿದರು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಖಾಲಿಯಿದ್ದ ಎಡಗೈಯನ್ನು ಎತ್ತಿ ನೆತ್ತಿಯ ಮೇಲೆ ಇಟ್ಟು ಬೆರಳು ಬಿಚ್ಚಿದರು, ಮಡಚಿದರು. ಮತ್ತೆ ಬಿಚ್ಚಿದರು, ಮಡಚಿದರು. ಗದ್ದಲದ ನಡುವೆ ಎಳೆ ಹರಿದದ್ದನ್ನು ಹೇಳುವ ಹಾಗೆ, ಕೇಳು, ನಾನು ಇದನ್ನು ಹೇಳಿದ್ದೆ, ಇದನ್ನು ಹೇಳಿದ್ದೆ ಎಂದು ಹೇಳುತ್ತಿದ್ದರು. ಅಷ್ಟು ಜನರಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೆ.

ಮಗ ನಕ್ಕ. ಅಪ್ಪ ಕುಣಿಯುತ್ತಿದ್ದಾನೆ ಎಂದುಕೊಂಡ. ತಾನೂ ನೆತ್ತಿಯ ಮೇಲೆ ಕೈ ಇಟ್ಟು ಬೆರಳು ಬಿಚ್ಚಿ ಮಡಚಿ ಒಂದು ಹೆಜ್ಜೆ ಹಾಕಿದ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಮತ್ತೊಬ್ಬ. ನೋಡುನೋಡುತ್ತಿದ್ದಂತೆ ಓಣಿಯ ಗಂಡಸರೆಲ್ಲ ತಲೆಯ ಮೇಲೆ ಕೈ ಇಟ್ಟುಕೊಂಡು ತುರಾಯಿ ಬಿಚ್ಚಿ ಮಡಚುತ್ತ ಕಾಮನ ಸುತ್ತ ಕುಣಿಯತೊಡಗಿದರು. ಹಲಗೆಯವರು ಅದಕ್ಕೆ ತಕ್ಕ ಹಾಗೆ ಬಡಿತ ಬದಲಿಸಿದರು. ಆ ಕುಣಿತದ ನಡುವೆ ಕೊಳ್ಳಿ ಒಟ್ಟಿಲಿಗೆ ತಾಗಿತು. ಯಾರ ಕೈ ಮುಂದೆ ಹೋಯಿತೋ, ಮಗನದೋ ಅಪ್ಪನದೋ, ನನಗೆ ಕಾಣಿಸಲಿಲ್ಲ. ಒಣ ಜಾಲಿ ಚೆನ್ನಾಗಿ ಉರಿಯುತ್ತದೆ. ಪೊಟರೆಯ ಒಳಗಿನಿಂದ ಬೆಂಕಿ ಹೊರಗೆ ಬಂತು.

ಗಂಡಸರು ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಂಡರು. ಅದು ಹಬ್ಬದ ಪದ್ಧತಿ. ನಾನೂ ಹೊಯ್ಕೊಂಡೆ. ನನ್ನದು ಪದ್ಧತಿಯಾಗಿರಲಿಲ್ಲ, ಆದರೆ ಅಲ್ಲಿ ಯಾರಿಗೆ ಗೊತ್ತಾಗಬೇಕು?

ಬೆಳಕು ಹರಿದ ಮೇಲೆ ನನ್ನ ಗಂಡ ಮನೆಗೆ ಹೋಗದೆ ನೇರವಾಗಿ ಹೊಳೆದಂಡೆಗೆ ನಡೆದರು. ನಾನು ಬೆನ್ನು ಹತ್ತಿದೆ. ಹಬ್ಬವಾದ್ದರಿಂದ ಉದ್ಯಾನ ಖಾಲಿಯಿತ್ತು. ಪಾವಟಿಗೆಯ ಪಕ್ಕ ಮೊಣಕಾಲೆತ್ತರದ ಬುಡ ಉಳಿದಿತ್ತು, ಸುತ್ತ ಹಸಿ ಚಕ್ಕೆಗಳು. ಪೂರಾ ಒಣಗಿದೆ ಎಂದಿದ್ದರಲ್ಲ, ಬುಡದಲ್ಲಿ ಇನ್ನೂ ಜೀವ ಇತ್ತು. ನಾವು ನಮ್ಮ ಬೆಂಚಿನ ಮೇಲೆ ಕೂತೆವು.

ಸ್ವಲ್ಪ ಹೊತ್ತಿಗೆ ತುರಾಯಿ ಹಕ್ಕಿ ಬಂತು. ಗಂಡೋ ಹೆಣ್ಣೋ ತಿಳಿಯಲಿಲ್ಲ. ಕೊಕ್ಕಿನಲ್ಲಿ ಹುಳ ಇತ್ತು. ಪೊಟರೆ ಎಲ್ಲಿತ್ತೋ ಸರಿಯಾಗಿ ಅಲ್ಲಿಗೆ, ಅಷ್ಟೇ ಎತ್ತರಕ್ಕೆ ಹಾರಿ, ಏನೂ ಇಲ್ಲದ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತಿತು. ಕೆಳಗಿಳಿದು ಹುಲ್ಲಿನ ಮೇಲೆ ಸುತ್ತಿ ಬಂತು. ಮತ್ತೆ ಅಲ್ಲಿಗೇ ಹಾರಿತು. ಹುಳವನ್ನು ತಾನೂ ತಿನ್ನಲಿಲ್ಲ, ಬಿಡಲೂ ಇಲ್ಲ.

ನಾನು ಗಂಡನ ಕೈ ನೋಡಿದೆ. ಎರಡೂ ಕೈಗಳು ತೊಡೆಯ ಮೇಲಿದ್ದವು. ಏಳಲಿಲ್ಲ.

ಮನೆಗೆ ಬಂದಾಗ ಸೊಸೆ ಕಾಮನ ಕೆಂಡ ತಂದು ಅದರಲ್ಲಿ ಕಡಲೆ ಸುಟ್ಟಿದ್ದಳು. ತಿಂದರೆ ಹಲ್ಲು ಗಟ್ಟಿಯಾಗುತ್ತವೆ ಎಂದು ನಮ್ಮಲ್ಲಿ ತಪ್ಪದೆ ತಿನ್ನುತ್ತಾರೆ. "ತಗೋರಿ ಅತ್ತೀ, ಮಾವಾರಿಗೂ ಕೊಡ್ರಿ" ಎಂದು ಮುಷ್ಟಿ ತುಂಬ ಕೊಟ್ಟಳು. ನಾನು ಅದನ್ನು ಹಿತ್ತಲಿಗೆ ಎಸೆದು ಬಂದೆ. ಅವಳು ಮುಖ ಸಣ್ಣದು ಮಾಡಿಕೊಂಡಳು. ಏನು ಹೇಳಲಿ ಅವಳಿಗೆ?

ಮಗನಿಗೂ ಹೇಳಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ನಿಮ್ಮಪ್ಪ ಕುಣಿಯಲಿಲ್ಲವೋ ಎಂದರೆ ಅವನಿಗೆ ಅರ್ಥವಾಗದೆ ಇರುವುದಿಲ್ಲ, ದಡ್ಡನಲ್ಲ. ಆದರೆ ಅಪ್ಪ ನನ್ನ ಜೊತೆ ಮಾತಾಡಿದ ಎಂಬ ಆ ಒಂದು ಸಂಜೆಯನ್ನು ಅವನು ಇಂದಿಗೂ ಗೆಳೆಯರ ಮುಂದೆ ಹೇಳಿಕೊಂಡು ತಿರುಗುತ್ತಾನೆ. ಅದನ್ನು ಅವನಿಂದ ಕಸಿದುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಹಾಗೆಂದು ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯಬಾರದು. ಕ್ಷಮಿಸಿಲ್ಲ.

ಆ ಕುಣಿತ ನಮ್ಮ ಓಣಿಯಲ್ಲಿ ಬೇರೂರಿಬಿಟ್ಟಿದೆ. ಈಗ ಪ್ರತಿ ಹೋಳಿಗೂ ಕಾಮನ ಸುತ್ತ ಗಂಡಸರು ನೆತ್ತಿಯ ಮೇಲೆ ಕೈ ಇಟ್ಟು ಬೆರಳು ಬಿಚ್ಚಿ ಮಡಚುತ್ತಾರೆ. ಬೇರೆ ಓಣಿಯವರೂ ಕಲಿತಿದ್ದಾರಂತೆ, ರಬಕವಿಯ ಕಡೆಯೂ ಹೋಗಿದೆಯಂತೆ. ಮೊದಲು ಮಾಡಿದವನು ನಮ್ಮಪ್ಪ ಎಂದು ಮಗನಿಗೆ ಹೆಮ್ಮೆ. ನನ್ನ ಗಂಡ ಆ ದಿನ ಹೊರಗೆ ಬರುವುದಿಲ್ಲ. ಮಗ್ಗದ ಕೋಣೆಯಲ್ಲಿ ನಿಂತ ಮಗ್ಗಗಳ ನಡುವೆ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಉಳಿದ ದಿನಗಳಲ್ಲೂ ಬಹಳ ಹೊತ್ತು ಅಲ್ಲೇ ಇರುತ್ತಾರೆ. ಊಟವಾದ ಮೇಲೆ ತಾಟು ಸರಿಸುತ್ತಾರೆ, ಚಹಾ ಬೇಕಾದರೆ ಕಪ್ಪು ತೋರಿಸುತ್ತಾರೆ. ನನಗೂ ಅಷ್ಟೇ.

ಉದ್ಯಾನಕ್ಕೆ ನಾನೊಬ್ಬಳೇ ಹೋಗುತ್ತೇನೆ. ಕಬ್ಬು ಕಡಿದ ಹೊಲಗಳಲ್ಲಿ ಒಣ ಸೋಗೆಯ ರವದಿ ಸುಡುವ ಕಾಲವಿದು, ಕರಿ ಬೂದಿ ಗಾಳಿಯಲ್ಲಿ ಬಂದು ಸಿಮೆಂಟಿನ ಹಂಸಗಳ ಮೇಲೂ ನನ್ನ ಸೆರಗಿನ ಮೇಲೂ ಬೀಳುತ್ತದೆ. ಈ ವರ್ಷ ತುರಾಯಿ ಹಕ್ಕಿಗಳು ಮತ್ತೆ ಬಂದಿವೆ, ಹುಲ್ಲಿನ ಮೇಲೆ ಹುಳ ಹೆಕ್ಕುತ್ತವೆ. ಹೆಕ್ಕಿದ್ದನ್ನು ಎಲ್ಲಿಗೆ ಒಯ್ಯುತ್ತವೆ ಎಂದು ನಾಲ್ಕಾರು ದಿನ ಕಣ್ಣಿಟ್ಟು ಪತ್ತೆ ಮಾಡಿದ್ದೇನೆ. ಒಳಗೆ ಮರಿಗಳಾಗಿವೆ. ಅವು ಹಾರುವುದನ್ನು ನೋಡಿ ಹೋಗಬೇಕು ಎಂದ ಮನುಷ್ಯ ಮನೆಯಲ್ಲೇ ಇದ್ದಾರೆ, ಕೈ ಹಿಡಿದು ಕರೆದುಕೊಂಡು ಹೋಗುವಷ್ಟೇ ದೂರ.

ಗೂಡು ಎಲ್ಲಿದೆ ಎಂದು ನಾನು ಇಲ್ಲಿಯೂ ಬರೆಯುವುದಿಲ್ಲ. ಅವರಿಗೂ ಹೇಳಿಲ್ಲ.